ಎರಡು ನಿಲ್ದಾಣ ಮೊದಲೇ

ನಮ್ಮ ಮನೆ, ಕಿಟಕಿ ಪಕ್ಕದ ಮೇಜು
ಮಾರ್ಚ್ 8, ಭಾನುವಾರ ಬೆಳಗ್ಗೆ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ.

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಹೋದ ವಾರ ಫೋನಿನಲ್ಲಿ ನಿನಗಿಂತ ನಿನ್ನ ಕೆಮ್ಮೇ ಹೆಚ್ಚು ಮಾತಾಡಿತು. ಔಷಧಿ ತೆಗೆದುಕೊಂಡೆ ಅಂದೆ, ಯಾವ ಔಷಧಿ ಎಂದು ಕೇಳಿದರೆ ಬಾಟಲಿ ಕೆಂಪಗಿದೆ ಅಂದೆ. ನಲವತ್ತಾರು ವರ್ಷದ ಗಂಡಸು ಹೆಸರು ಓದದೆ ಬಣ್ಣ ನೋಡಿ ಔಷಧಿ ಕುಡಿಯುತ್ತಾನೆ ಎಂದರೆ ಬೆಳೆಸಿದವಳಿಗೇ ನಾಚಿಕೆ. ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯಾ? "ಮಾಡ್ತೀನಿ ಅಕ್ಕ" ಎಂದು ನೀನು ರಾಗ ಎಳೆಯುವುದರಲ್ಲೇ ಮಾಡುತ್ತಿಲ್ಲ ಎಂದು ಗೊತ್ತಾಗುತ್ತದೆ. ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದೆ, ಆದರೆ ಅದು ಈಗ ಮನೆಯವರಲ್ಲಿ ಒಬ್ಬರಂತೆ ಆಗಿಹೋಗಿದೆ, ಬೆಳಗ್ಗೆ ನನಗಿಂತ ಮೊದಲೇ ಏಳುತ್ತದೆ. ಅದರ ಮಾತಿಗೆ ನಾನು ಕಿವಿಗೊಡುವುದಿಲ್ಲ.

ಲಕೋಟೆಯ ಮೇಲಿನ ವಿಳಾಸವನ್ನು ನೀನು ಎರಡೆರಡು ಸಲ ಓದಿರುತ್ತೀಯ. ಓದು, ಪರವಾಗಿಲ್ಲ. ಅದರ ವಿಚಾರ ಕೊನೆಗೆ. ನನ್ನ ಕೌಂಟರಿಗೆ ಯಾರೇ ಬರಲಿ, ಸಾಲಿನಲ್ಲೇ ಬರಬೇಕು. ಮಂತ್ರಿಯ ಭಾವಮೈದ ಎಂದು ಹೇಳಿಕೊಂಡು ಬಂದವನನ್ನೂ ನಾನು ಹಿಂದಕ್ಕೆ ಕಳಿಸಿದ್ದೇನೆ. ನನ್ನ ಮಾತುಗಳೂ ಹಾಗೆಯೇ ಸಾಲಿನಲ್ಲಿ ಬರುತ್ತವೆ. ಹಾಳೆ ತಿರುವಿ ಕೊನೆಯದನ್ನು ಮೊದಲು ಓದಿದೆಯೋ, ಅಲ್ಲಿಗೇ ಬಂದು ಕಿವಿ ಹಿಂಡುತ್ತೇನೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ಹೇಳಿದರೆ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ಹತ್ತು ಮಾತು ಸೇರಿಸಿ ನನ್ನ ಬಾಯಿ ಮುಚ್ಚಿಸುತ್ತೀಯ. ಆಮೇಲೆ "ಸಿಗ್ನಲ್ ಇಲ್ಲ ಅಕ್ಕ" ಎಂದು ಕಟ್ ಮಾಡುತ್ತೀಯ. ಪತ್ರದ ನಡುವೆ ಬಾಯಿ ಹಾಕುವುದಕ್ಕೆ ನಿನ್ನಿಂದ ಆಗುವುದಿಲ್ಲ. ಅದಕ್ಕೇ ಪತ್ರ.

ಜನವರಿ ಮೊದಲ ವಾರ ನಾವು ಜಗಳವಾಡಿದೆವಲ್ಲ, ಅಲ್ಲಿಂದ ಶುರು ಮಾಡುತ್ತೇನೆ. ಈ ತಿಂಗಳ ಮೂವತ್ತೊಂದಕ್ಕೆ ನನ್ನ ನೌಕರಿ ಮುಗಿಯುತ್ತದೆ, ಬಸ್ ನಿಲ್ದಾಣದ ಮೂರನೇ ಕೌಂಟರಿನಲ್ಲಿ ಮೂವತ್ತನಾಲ್ಕು ವರ್ಷ ಟಿಕೆಟ್ ಕೊಟ್ಟದ್ದಾಯಿತು, ಇನ್ನು ನಿನ್ನ ಹತ್ತಿರ ಬಂದು ಒಂದು ತಿಂಗಳು ಇರುತ್ತೇನೆ ಎಂದೆ. ನಿನ್ನನ್ನು ಕಣ್ಣಾರೆ ನೋಡಿ ಆರು ವರ್ಷವಾಯಿತು ಎಂದೆ. ನೀನು ಏನಂದೆ, ನೆನಪಿದೆಯಾ? ಬೇಡ ಎಂದೆ. ಮೊದಲು ಚಳಿ ಎಂದೆ, ಆಮೇಲೆ ರಜೆ ಇಲ್ಲ ಎಂದೆ, ಆಮೇಲೆ ಮುಂದಿನ ವರ್ಷ ಎಂದೆ. ಮುಂದಿನ ವರ್ಷ ಎನ್ನುವ ಮಾತನ್ನು ನಾನು ಆರು ವರ್ಷದಿಂದ ಕೇಳುತ್ತಿದ್ದೇನೆ. ಆಮೇಲೆ, "ಏರ್‌ಪೋರ್ಟಿಂದ ಎರಡು ರೈಲು ಬದಲಾಯಿಸಬೇಕು ಅಕ್ಕ. ಕೌಂಟರಲ್ಲಿ ಮನುಷ್ಯರೇ ಇರಲ್ಲ, ಬರೀ ಮೆಷಿನ್. ನಿನಗೆ ಭಾಷೆ ಬರಲ್ಲ. ಕಳೆದುಹೋಗ್ತೀಯ" ಎಂದೆ. ಬಂದು ಕರೆದುಕೊಂಡು ಹೋಗು ಎಂದರೆ ಅದಕ್ಕೂ ಆಗುವುದಿಲ್ಲ ಎಂದೆ. ಬಾಕಿ ಎಲ್ಲವನ್ನೂ ನುಂಗಿಕೊಂಡೆ ಕಣೋ. ಆದರೆ ಕಳೆದುಹೋಗ್ತೀಯ ಎಂದೆಯಲ್ಲ, ಅದಕ್ಕೆ ನನಗೆ ಮೈಯೆಲ್ಲ ಉರಿಯಿತು. ಯಾರಿಗೆ ಯಾರು ಹೇಳುವ ಮಾತು ಅದು?

ನಿನಗೆ ಏಳು ವರ್ಷ ಇದ್ದಾಗಿನ ವಿಷಯ ನಿನಗೆ ಮರೆತಿದ್ದರೂ ನನಗೆ ಮರೆತಿಲ್ಲ. ಶಾಲೆ ಬಿಟ್ಟ ಮೇಲೆ ಬೇರೆ ಬಸ್ಸು ಹತ್ತಿ ಹೋಗಿಬಿಟ್ಟಿದ್ದೆ. ಅಮ್ಮ ತೀರಿಕೊಂಡು ಮೂರು ವರ್ಷ, ನನಗೆ ಇಪ್ಪತ್ತೊಂದು. ಚಪ್ಪಲಿ ಕಿತ್ತುಹೋದದ್ದೂ ಗೊತ್ತಾಗದೆ ನಿಲ್ದಾಣದ ಒಬ್ಬೊಬ್ಬ ಕಂಡಕ್ಟರನ ಮುಂದೆಯೂ ನಿಂತು, ನೀಲಿ ಅಂಗಿಯ ಹುಡುಗ, ಒಂದು ಹಲ್ಲು ಬಿದ್ದಿದೆ ಎಂದು ಹೇಳುತ್ತಾ ಹುಡುಕಿದೆ. ಸಂಜೆ ಆರು ಗಂಟೆಗೆ ಕೊನೆಯ ನಿಲ್ದಾಣದಲ್ಲಿ ಸಿಕ್ಕಿದೆ. ಸಿಮೆಂಟ್ ಬೆಂಚಿನ ಮೇಲೆ ಕಾಲು ಜೋಲಾಡಿಸಿಕೊಂಡು ಕೂತಿದ್ದೆ. ಅಳುತ್ತಿರಲಿಲ್ಲ. ಮುಷ್ಟಿಯೊಳಗೆ ಟಿಕೆಟ್ ಒದ್ದೆಯಾಗಿತ್ತು. "ಅಕ್ಕ ಬರ್ತಾಳೆ ಅಂತ ಗೊತ್ತಿತ್ತು" ಎಂದೆ. ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ನಿನಗೊಂದು ಪಾಠ ಹೇಳಿಕೊಟ್ಟೆ. ಟಿಕೆಟ್ ಯಾವತ್ತೂ ಬಿಸಾಡಬೇಡ, ಒಳಜೇಬಿನಲ್ಲಿ ಇಟ್ಟುಕೋ, ಟಿಕೆಟ್ ಇದ್ದರೆ ನೀನು ಎಲ್ಲಿಂದ ಎಲ್ಲಿಗೆ ಹೋದೆ ಎಂದು ನನಗೆ ತಿಳಿಯುತ್ತದೆ, ಬಂದು ಹುಡುಕುತ್ತೇನೆ ಎಂದೆ. ನನ್ನ ಬೇರೆ ಯಾವ ಮಾತನ್ನೂ ಕೇಳದ ನೀನು ಅದೊಂದನ್ನು ಮಾತ್ರ ಬಿಡದೆ ಪಾಲಿಸಿದೆ. ಕಾಲೇಜಿಗೆ ಹೋಗುವಾಗಲೂ ನಿನ್ನ ಅಂಗಿ ಒಗೆಯಲು ನೆನೆಸಿದರೆ ಬಕೆಟ್ಟಿನ ತುಂಬ ಟಿಕೆಟ್ಟುಗಳು ತೇಲುತ್ತಿದ್ದವು. ಇಂಥವಳು ಕಳೆದುಹೋಗುತ್ತಾಳಂತೆ.

ಹದಿನೈದು ದಿನ ಬರೀ ಸಿಟ್ಟು ಮಾಡಿಕೊಂಡು ಓಡಾಡಿದೆ. ಆಮೇಲೆ ಡಚ್ ಭಾಷೆಯ ತರಗತಿಗೆ ಸೇರಿದೆ. ಹೌದು, ಸರಿಯಾಗಿಯೇ ಓದಿದೆ, ಡಚ್. ನಗಬೇಡ. ಜೆರಾಕ್ಸ್ ಅಂಗಡಿಯ ಮೇಲೆ ಮೂರನೇ ಮಹಡಿಯ ಕೋಣೆಯಲ್ಲಿ ಮಂಗಳವಾರ, ಗುರುವಾರ ಸಂಜೆ ಆರರಿಂದ ಏಳೂವರೆ. ಕಲಿಸುವ ಟೀಚರಮ್ಮ ನೀನಿರುವ ದೇಶದ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ನರ್ಸಾಗಿ ದುಡಿದು ಬಂದವರು. ಕಲಿಯಲು ಬರುವ ಹನ್ನೊಂದು ಹುಡುಗಿಯರೂ ಅಲ್ಲಿಗೇ ನರ್ಸ್ ಕೆಲಸಕ್ಕೆ ಹೋಗಬೇಕೆಂದು ಪರೀಕ್ಷೆಗೆ ಓದುತ್ತಿರುವವರು. ಅವರ ನಡುವೆ ನಾನು ಹನ್ನೆರಡನೆಯವಳು. ಮೊದಲ ದಿನ ಬಾಗಿಲಲ್ಲಿ ನಿಂತಾಗ ಯಾವ ಮಗಳನ್ನು ಸೇರಿಸಲು ಬಂದಿದ್ದೀರಿ ಎಂದು ಟೀಚರಮ್ಮ ಕೇಳಿದರು. ನನ್ನನ್ನೇ ಎಂದೆ. ಎಷ್ಟು ಕಲಿಯಬೇಕು ಎಂದು ಕೇಳಿದರು. ಟಿಕೆಟ್ ಕೊಳ್ಳುವಷ್ಟು ಎಂದೆ. ಅವರ ಭಾಷೆಯ ಒಂದಾದರೂ ಮಾತು ಗೊತ್ತೇ ಎಂದರು. ಗೊತ್ತು ಎಂದು ‘ಎಂಕೆಲೆ ರೇಯಿಸ್’ ಎಂದೆ. ಅದು ‘ಎಂಕಲ ರೈಸ್’ ಎಂದು ಟೀಚರಮ್ಮ ತಿದ್ದಿದರು. ಎಲ್ಲಿ ಕಲಿತಿರಿ ಎಂದು ಕೇಳಿದ್ದಕ್ಕೆ ಎಲ್ಲೋ ಓದಿದ್ದೆ ಎಂದೆ. ಅದರ ಅರ್ಥ ಗೊತ್ತೇ ಎಂದರು. ಗೊತ್ತಿಲ್ಲ, ಅದನ್ನು ಕೇಳುವುದಕ್ಕೇ ಮೂರು ಮಹಡಿ ಹತ್ತಿ ಬಂದೆ ಎಂದೆ. "ಹೋಗೋದಕ್ಕೆ ಮಾತ್ರ. ವಾಪಸ್ ಬರೋದು ಇದರಲ್ಲಿ ಇಲ್ಲ" ಎಂದರು. ಆ ದಿನ ತರಗತಿಯಲ್ಲಿ ಬೇರೇನು ಕಲಿಸಿದರೋ ನನ್ನ ತಲೆಗೆ ಹೋಗಲಿಲ್ಲ.

ಎರಡನೇ ತರಗತಿಯಿಂದ ಮಾತ್ರ ಪಟ್ಟು ಹಿಡಿದು ಕೂತೆ. ಆ ಭಾಷೆಯಲ್ಲಿ ‘ಗ’ ಎನ್ನುವುದನ್ನು ಗಂಟಲಿನ ತಳದಿಂದ ಕೆರೆದು ತರಬೇಕು, ನಿನಗೆ ಗೊತ್ತೇ ಇದೆ. ‘ಖೂದ ಮೋರ್ಖನ್’ ಎಂದರೆ ಶುಭೋದಯವಂತೆ; ನಮ್ಮಲ್ಲಿ ಹಾಗೆ ಅಂದರೆ ಎದುರಿಗಿರುವವರು ನೀರು ತಂದುಕೊಡುತ್ತಾರೆ. ದಿನಾ ಬೆಳಗ್ಗೆ ಪಾತ್ರೆ ತೊಳೆಯುತ್ತಾ ಇಪ್ಪತ್ತು ಸಲ ಹೇಳಿದೆ. ನಾಲ್ಕನೇ ದಿನ ಮೇಲಿನ ಮನೆಯಾಕೆ ಬಾಗಿಲು ತಟ್ಟಿ, ಹೀಗೇ ಬಿಟ್ಟರೆ ಎದೆಗೆ ಇಳಿಯುತ್ತದೆ ಎಂದು ಕೆಮ್ಮಿನ ಔಷಧಿ ಕೊಟ್ಟು ಹೋದಳು. ಅದೂ ಕೆಂಪಗೇ ಇತ್ತು. ತರಗತಿಯ ಹುಡುಗಿಯರು ಒಳ್ಳೆಯವರು, ಆದರೆ ಬಾಯಿ ಜೋರು. ಅವರಲ್ಲಿ ಉದ್ದ ಜಡೆಯವಳೊಬ್ಬಳು, "ಆಂಟಿ, ಇಷ್ಟೆಲ್ಲ ಯಾಕೆ? ಫೋನಲ್ಲಿ ಒತ್ತಿದ್ರೆ ಟಿಕೆಟ್ ಬರುತ್ತೆ, ನಾನೇ ಮಾಡಿಕೊಡ್ತೀನಿ" ಎಂದಳು. ಬೇಡ ಕಣಮ್ಮ, ನಾನು ಬಾಯಿ ಬಿಟ್ಟು ಕೇಳಬೇಕು ಎಂದೆ. ಭಾಷೆ ಬರುವುದಿಲ್ಲ ಎಂದಿದ್ದಾನೆ ನನ್ನ ತಮ್ಮ. ಫೋನು ಒತ್ತಿ ಬಂದರೆ ಅವನ ಮಾತೇ ಗೆದ್ದ ಹಾಗಾಗುತ್ತದೆ ಎಂದೆ. ನೀನು ಸೋಲಬೇಕು. ಅದೂ ಮಾತಿನಲ್ಲೇ ಸೋಲಬೇಕು.

ಆದರೆ ನಡುವೆ ನಾನೇ ಒಂದು ಸಲ ಚೆನ್ನಾಗಿ ಸೋತೆ. ಅದನ್ನೂ ಬರೆಯುತ್ತೇನೆ, ನಿನಗೆ ನಗುವುದಕ್ಕೆ ಏನಾದರೂ ಬೇಕಲ್ಲ. ಮೂರನೇ ವಾರ ಟೀಚರಮ್ಮ ಫ್ರಿಜ್ಜು ಬಂದಿದ್ದ ರಟ್ಟಿನ ಪೆಟ್ಟಿಗೆಯೊಂದನ್ನು ತರಿಸಿ ನಿಲ್ಲಿಸಿದರು. ಅದರಲ್ಲೊಂದು ಕಿಂಡಿ ಕೊರೆದು, ಇದೇ ರೈಲಿನ ಟಿಕೆಟ್ ಕೌಂಟರ್, ಒಬ್ಬೊಬ್ಬರಾಗಿ ಬಂದು ಟಿಕೆಟ್ ಕೇಳಿ ಎಂದರು. ನನ್ನ ಸರದಿ ಬಂತು. ಎದ್ದೆ. ನನ್ನ ಕಾಲು ಎಲ್ಲಿಗೆ ಹೋದವು ಹೇಳು? ಸೀದಾ ಪೆಟ್ಟಿಗೆಯ ಹಿಂದಕ್ಕೆ. ಅಲ್ಲಿದ್ದ ಸ್ಟೂಲಿನ ಮೇಲೆ ಕೂತು, ಕಿಂಡಿಯ ಹತ್ತಿರ ಬಾಯಿ ತಂದು, ತಲೆ ಎತ್ತದೆ, "ವಾರ್ ನಾರ್ತೂ?" ಎಂದೆ. ಎಲ್ಲಿಗೆ ಎಂದು. ಹುಡುಗಿಯರಿಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು, ಆದರೂ ಒಬ್ಬೊಬ್ಬಳೇ ಬಂದು ಟಿಕೆಟ್ ಕೇಳಿದಳು. ಹೋಗಲಿಕ್ಕೆ ಮಾತ್ರವೋ ಹೋಗಿಬರಲಿಕ್ಕೋ, ಒಬ್ಬರೋ ಇಬ್ಬರೋ ಎಂದು ಅವರ ಭಾಷೆಯಲ್ಲೇ ಪಟಪಟ ಕೇಳಿ ಹನ್ನೊಂದು ಜನರನ್ನೂ ಹತ್ತು ನಿಮಿಷದಲ್ಲಿ ಕಳಿಸಿದೆ. ಸಾಲು ಮುರಿದ ಉದ್ದ ಜಡೆಯವಳನ್ನು ಗದರಿದ್ದು ಮಾತ್ರ ಕನ್ನಡದಲ್ಲಿ. ಪುಸ್ತಕದಲ್ಲಿ ಎಡಗಡೆ ಪ್ರಯಾಣಿಕರ ಮಾತು, ಬಲಗಡೆ ಕೌಂಟರಿನವರ ಮಾತು ಇತ್ತು. ಮನೆಯಲ್ಲಿ ಕೂತು ಬಲಗಡೆಯದನ್ನೆಲ್ಲ ಬಾಯಿಪಾಠ ಮಾಡಿದ್ದೆ, ಎಡಗಡೆಗೆ ಕಣ್ಣೇ ಹಾಯಿಸಿರಲಿಲ್ಲ. "ನಿಮಗೆ ಮಾರೋದು ಚೆನ್ನಾಗಿ ಬರುತ್ತೆ. ಕೊಳ್ಳೋದು ಬರಲ್ಲ. ಈ ಕಡೆ ಬನ್ನಿ" ಎಂದರು ಟೀಚರಮ್ಮ.

ಈ ಕಡೆ ಬಂದು ಕಿಂಡಿಯ ಮುಂದೆ ನಿಂತೆ. ನಾಲಿಗೆ ಹೊರಳಲಿಲ್ಲ. ಒಂದು ಟಿಕೆಟ್ ಕೊಡಿ ಎನ್ನುವಷ್ಟೂ ಬರಲಿಲ್ಲ. ಆಗ ಹೊಳೆಯಿತು ನೋಡು, ಮೂವತ್ತನಾಲ್ಕು ವರ್ಷದಲ್ಲಿ ಲಕ್ಷಗಟ್ಟಲೆ ಜನರನ್ನು ಊರೂರಿಗೆ ಕಳಿಸಿದ ನಾನು ನನಗಾಗಿ ಒಂದೇ ಒಂದು ಟಿಕೆಟ್ ಕೊಂಡಿಲ್ಲ. ಕೆಲಸಕ್ಕೆ ಹೋಗಿಬರಲು ಪಾಸ್ ಇತ್ತು, ಬೇರೆ ಕಡೆಗೆ ಹೋಗಲೇ ಇಲ್ಲ. ನೀನು ಓದಬೇಕಿತ್ತು, ಆಮೇಲೆ ನೀನು ಹೊರಡಬೇಕಿತ್ತು, ಆಮೇಲೆ ನೀನು ಬರುತ್ತೀಯ ಎಂದು ನಾನು ಮನೆಯಲ್ಲಿರಬೇಕಿತ್ತು. ಇದನ್ನು ದೂರು ಎಂದು ತಿಳಿಯಬೇಡ. ಇಷ್ಟಪಟ್ಟೇ ಮಾಡಿದೆ, ಇನ್ನೊಮ್ಮೆ ಮಾಡು ಎಂದರೂ ಮಾಡುತ್ತೇನೆ. ಆದರೆ ಕಿಂಡಿ ಎಷ್ಟು ಕೆಳಗಿರುತ್ತದೆ, ಅದರ ಮುಂದೆ ನಿಂತವರು ಎಷ್ಟು ಬಗ್ಗಬೇಕು, ಒಳಗಿನವಳು ತಲೆ ಎತ್ತಿ ನೋಡದಿದ್ದರೆ ಎಷ್ಟು ಅವಮಾನವಾಗುತ್ತದೆ ಎಂದು ಅವತ್ತು ಗೊತ್ತಾಯಿತು. ಮಾರನೆಯ ದಿನದಿಂದ ಮೂರನೇ ಕೌಂಟರಿನಲ್ಲಿ ತಲೆ ಎತ್ತಿ ಮುಖ ನೋಡಿ ಮಾತಾಡುತ್ತಿದ್ದೇನೆ. ದಿನಾ ಬರುವ ಜನ ಗಾಬರಿಯಾಗಿದ್ದಾರೆ, ಏನು ತಪ್ಪು ಮಾಡಿದೆವೋ ಎಂದು.

ನಾಲ್ಕನೇ ಕೌಂಟರಿನ ಸ್ಟಾಂಪ್ ಸಾಹೇಬರ ವಿಷಯ ನಿನಗೆ ಹಿಂದೆಯೂ ಹೇಳಿದ್ದೇನೆ, ಮುದ್ರೆ ಒತ್ತುವ ರಭಸಕ್ಕೆ ಇಬ್ಬರ ಮೇಜೂ ಅಲುಗಾಡುತ್ತದೆ. ನಾನು ಟಿಕೆಟ್ ರೋಲಿನ ಹಿಂದೆ ಡಚ್ ಮಾತು ಬರೆದಿಟ್ಟುಕೊಂಡು ಬಸ್ಸು ಬಸ್ಸಿನ ನಡುವಿನ ಬಿಡುವಿನಲ್ಲಿ ಗುನುಗುವುದನ್ನು ಅವರು ಒಂದು ವಾರ ನೋಡಿದರು. ಆಮೇಲೆ, "ಈ ವಯಸ್ಸಲ್ಲಿ ಇದೆಲ್ಲ ಯಾಕೆ ಮೇಡಂ? ರಿಟೈರ್ ಆದ್ಮೇಲೆ ಹಾಯಾಗಿ ಮನೇಲಿ ಕೂತ್ಕೊಳ್ಳಿ" ಎಂದರು. ಕೂತು ಕೂತೇ ಮೂವತ್ತನಾಲ್ಕು ವರ್ಷ ಆಯಿತು ಸಾಹೇಬರೇ, ಇನ್ನೆಷ್ಟು ಕೂರಲಿ ಎಂದೆ. ಮುಖ ಸಣ್ಣದು ಮಾಡಿಕೊಂಡು ತಮ್ಮ ಮುದ್ರೆ ಎತ್ತಿಕೊಂಡರು. ಪಾಪ, ಕೆಟ್ಟವರಲ್ಲ. ಮೂರು ದಿನ ಬಿಟ್ಟು ಅವರೇ ನನ್ನ ಚೀಟಿಗಳನ್ನು ಕೈಯಲ್ಲಿ ಹಿಡಿದು ಪ್ರಶ್ನೆ ಕೇಳತೊಡಗಿದರು. ರೈಲು ಬದಲಾಯಿಸಬೇಕೇ? ‘ಮೂಟ್ ಇಕ್ ಓವರ್‌ಸ್ಟಾಪನ್?’ ಯಾವ ಪ್ಲಾಟ್‌ಫಾರಂ? ‘ವೆಲ್ಕ್ ಸ್ಪೋರ್?’ ಸ್ವಲ್ಪ ನಿಧಾನವಾಗಿ ಹೇಳಿ ಎನ್ನಲು ‘ಲಾಂಗ್‌ಜಾಮ್’. ನಾನು ಸರಿ ಹೇಳಿದಾಗಲೆಲ್ಲ ಮೇಜಿನ ಮೇಲೆ ಖಾಲಿ ಮುದ್ರೆ ಒತ್ತುತ್ತಾರೆ. ಈಗ ಅವರಿಗೂ ಅರ್ಧ ಡಚ್ ಬರುತ್ತದೆ, ಹೋಗುವ ಜಾಗ ಮಾತ್ರ ಇಲ್ಲ.

ಕೆಲಸದ ಮಾತು ಬಂತಲ್ಲ, ನಿನಗೆ ಯಾವತ್ತೂ ಹೇಳದ ಒಂದು ವಿಷಯ ಹೇಳುತ್ತೇನೆ. ಸೇರಿದ ಹೊಸದರಲ್ಲಿ ಒಬ್ಬ ಹಿರಿಯರು ಬಂದು ಒಂದು ದೂರದ ಊರಿಗೆ ಟಿಕೆಟ್ ಕೇಳಿದರು. ನಾನು ನಗುನಗುತ್ತಾ ಏನು ವಿಶೇಷ, ಯಾಕೆ ಹೋಗುತ್ತಿದ್ದೀರಿ ಎಂದುಬಿಟ್ಟೆ. ಅವರು ಹೇಳಲು ಬಾಯಿ ತೆರೆದರು, ಆಗಲಿಲ್ಲ. ಕಿಂಡಿ ಹಿಡಿದುಕೊಂಡು ನಿಂತೇ ಇದ್ದರು. ಅವತ್ತಿನಿಂದ ಇವತ್ತಿನವರೆಗೆ ನಾನು ಎಲ್ಲಿಗೆ ಎಂದು ಕೇಳಿದ್ದೇನೆ, ಎಷ್ಟು ಜನ ಎಂದು ಕೇಳಿದ್ದೇನೆ, ಯಾಕೆ ಎಂದು ಒಬ್ಬರನ್ನೂ ಕೇಳಿಲ್ಲ. ಕೌಂಟರಿನಲ್ಲಿ ಕೂತವಳಿಗೆ ಅದು ಬೇಕಾಗಿಲ್ಲ. ಜನ ಹೊರಡುತ್ತಾರೆ, ಅವರವರ ಕಾರಣ ಅವರವರ ಹತ್ತಿರ ಇರುತ್ತದೆ. ಈ ಮಾತನ್ನು ನೆನಪಿಟ್ಟುಕೋ.

ಇನ್ನು ನಿನ್ನ ಕೋಟಿನ ವಿಷಯ. ಡಿಸೆಂಬರಿನಲ್ಲಿ ನಮ್ಮ ಕೌಂಟರಿಗೆ ಹೊಸ ಎಸಿ ಹಾಕಿದ್ದಾರೆ, ನೇರವಾಗಿ ಬೆನ್ನಿಗೇ ಹೊಡೆಯುತ್ತದೆ, ನಿನ್ನ ಹಳೇ ಕೋಟು ಇದ್ದರೆ ಕಳಿಸು ಎಂದು ಕೇಳಿದ್ದೆನಲ್ಲ. ಎಸಿ ಹಾಕಿದ್ದು ನಿಜ, ಬೆನ್ನಿಗೆ ಹೊಡೆಯುವುದೂ ನಿಜ. ಆದರೆ ಕೋಟು ಕೇಳಿದ್ದು ಅಲ್ಲಿಗೆ ಹಾಕಿಕೊಂಡು ಬರಲು. ಚಳಿ ತಡೆಯಲಾರೆ ಎಂದು ನೀನು ಅನ್ನುತ್ತೀಯ ಎಂದು ಗೊತ್ತಿತ್ತು, ಅದಕ್ಕೆ ಮೊದಲೇ ಉತ್ತರ ತರಿಸಿಟ್ಟುಕೊಂಡೆ. ಜಗಳವಾಡಿದ ಹದಿನೈದನೇ ದಿನಕ್ಕೆ ಪಾರ್ಸೆಲ್ ಬಂತು. ನಿನಗೆ ಅದು ಮಂಡಿಯ ತನಕ ಬರುತ್ತಿತ್ತು, ನನಗೆ ಪಾದದ ತನಕ ಬರುತ್ತದೆ. ತೋಳು ಎರಡು ಮಡಿಕೆ ಮಡಚಿ ಹೊಲಿದಿದ್ದೇನೆ. ಎಡಗಡೆಯ ಒಂದು ಗುಂಡಿ ಜೋತಾಡುತ್ತಿತ್ತು, ಅದನ್ನೂ ಗಟ್ಟಿ ಮಾಡಿದೆ. ಗುಂಡಿ ಜೋತಾಡುವ ಕೋಟು ಹಾಕಿಕೊಂಡು ನೀನು ಎಷ್ಟು ದಿನ ಓಡಾಡಿದೆಯೋ ಎಂದು ಇನ್ನೆರಡು ಸುತ್ತು ದಾರ ಹೆಚ್ಚಿಗೆ ಸುತ್ತಿದೆ.

ಫೋನಿನ ವಿಡಿಯೋದಲ್ಲಿ ನಿನ್ನ ಹಿಂದೆ ಕಾಣುವ ಬಿಳಿ ಗೋಡೆಯ ಬಗ್ಗೆಯೂ ಒಂದು ಮಾತು ಕೇಳಬೇಕಿತ್ತು. ಮೊದಲು ನಿನ್ನ ಅಡುಗೆಮನೆ ಕಾಣುತ್ತಿತ್ತು, ಹಳದಿ ಪರದೆ ಕಾಣುತ್ತಿತ್ತು, ನಿನ್ನ ಹೆಂಡತಿ ಹಿಂದಿನಿಂದ ಬಂದು ಅಕ್ಕ ಚೆನ್ನಾಗಿದ್ದೀರಾ ಎಂದು ಕೈ ಬೀಸುತ್ತಿದ್ದಳು. ಈಗ ಏಳು ತಿಂಗಳಿಂದ ಬರೀ ಗೋಡೆ. ಅವಳನ್ನು ಕೇಳಿದರೆ ಸ್ನಾನಕ್ಕೆ ಹೋಗಿದ್ದಾಳೆ ಎನ್ನುತ್ತೀಯ. ಭಾನುವಾರ ಕೇಳಿದರೂ ಸ್ನಾನ, ಬುಧವಾರ ಕೇಳಿದರೂ ಸ್ನಾನ. ಅಷ್ಟೊಂದು ಸ್ನಾನ ಯಾರೂ ಮಾಡುವುದಿಲ್ಲ ಕಣೋ, ಮೀನೂ ಮಾಡುವುದಿಲ್ಲ. ಸುಳ್ಳು ಹೇಳುವುದಕ್ಕೂ ಸ್ವಲ್ಪ ಬುದ್ಧಿ ಬೇಕು, ಅದು ನಿನಗೆ ಮೊದಲಿನಿಂದಲೂ ಕಡಿಮೆ.

ಮೊನ್ನೆ ಗುರುವಾರ ನನ್ನ ಪರೀಕ್ಷೆ ಆಯಿತು. ಅದೇ ರಟ್ಟಿನ ಪೆಟ್ಟಿಗೆ, ಹಿಂದೆ ಟೀಚರಮ್ಮ, ಮುಂದೆ ನಿನ್ನ ಕೋಟು ಹಾಕಿಕೊಂಡು ನಾನು. ಹುಡುಗಿಯರೆಲ್ಲ ಸುತ್ತ ನಿಂತರು. ಟೀಚರಮ್ಮ ಬೇಕೆಂದೇ ಗಡಸು ದನಿಯಲ್ಲಿ, ಬೇಕೆಂದೇ ವೇಗವಾಗಿ ಮಾತಾಡಿದರು. ನಾನು ‘ಲಾಂಗ್‌ಜಾಮ್’ ಎಂದೆ. ಇನ್ನೊಮ್ಮೆ ವೇಗವಾಗಿ ಹೇಳಿದರು. ಇನ್ನೊಮ್ಮೆ ‘ಲಾಂಗ್‌ಜಾಮ್’ ಎಂದೆ, ಸ್ವಲ್ಪ ಜೋರಾಗಿಯೇ. ಎಲ್ಲಿಗೆ ಎಂದರು, ಊರು ಹೇಳಿದೆ. ಹೋಗಲಿಕ್ಕೆ ಮಾತ್ರವೋ ಹೋಗಿಬರಲಿಕ್ಕೋ ಎಂದರು, ‘ರತೂರ್, ಆಲ್ಸ್‌ಟುಬ್ಲೀಫ್ಟ್’ ಎಂದೆ, ಹೋಗಿಬರಲಿಕ್ಕೆ, ದಯವಿಟ್ಟು. ಎಲ್ಲಿ ರೈಲು ಬದಲಾಯಿಸಬೇಕು ಎಂದು ಕೇಳಿದೆ, ಯಾವ ಪ್ಲಾಟ್‌ಫಾರಂ ಎಂದು ಕೇಳಿದೆ, ಹೇಳಿದ್ದನ್ನು ಬೆರಳು ಮಡಚಿ ತಿರುಗಿ ಒಪ್ಪಿಸಿದೆ. ಕೊನೆಗೆ ಪುಸ್ತಕದಲ್ಲಿಲ್ಲದ ಒಂದು ಮಾತು ಹೇಳಿದೆ; ಅದನ್ನು ಉದ್ದ ಜಡೆಯವಳ ಹತ್ತಿರ ಗುಟ್ಟಾಗಿ ಬರೆಸಿಕೊಂಡು ಹತ್ತು ದಿನ ಬಾಯಿಪಾಠ ಮಾಡಿದ್ದೆ. ‘ಇಕ್ ಹೆಬ್ ಫೀರ್ ಎನ್ ಡೆರ್ಟಿಖ್ ಯಾರ್ ಕಾರ್ಟ್ಯಸ್ ಫರ್ಕೋಖ್ಟ್.’ ನಾನೂ ಮೂವತ್ತನಾಲ್ಕು ವರ್ಷ ಟಿಕೆಟ್ ಮಾರಿದ್ದೇನೆ. ಟೀಚರಮ್ಮ ಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ಅಲ್ಲಿಯ ದೊಡ್ಡ ನಿಲ್ದಾಣದಲ್ಲಿ ಇವತ್ತಿಗೂ ಮನುಷ್ಯರು ಕೂರುವ ಒಂದು ಕೌಂಟರ್ ಇದೆಯಂತೆ, ನೀನು ಇಲ್ಲವೆಂದು ಹೇಳಿದ್ದೆ. ನಾನು ಅಲ್ಲಿಗೇ ಹೋಗುತ್ತೇನೆ, ಅಲ್ಲಿ ಕೂತವರಿಗೆ ಈ ಮಾತು ಹೇಳುತ್ತೇನೆ. ಅಷ್ಟು ದೂರ ಬಂದು ಮೆಷಿನ್ ಪೆಟ್ಟಿಗೆಯ ಜೊತೆ ಮಾತಾಡಲೇ?

ಈಗ ಸುದ್ದಿ. ವೀಸಾ ಆಗಿದೆ. ನಿನ್ನಿಂದ ಒಂದು ಕಾಗದವನ್ನೂ ಕೇಳಲಿಲ್ಲ, ನನ್ನ ನೌಕರಿಯ ಕಾಗದಗಳೇ ಸಾಕಾದವು. ಏಪ್ರಿಲ್ 14, ಮಂಗಳವಾರ ಬೆಳಗ್ಗೆ ವಿಮಾನ ಇಳಿಯುತ್ತದೆ. ಏರ್‌ಪೋರ್ಟಿಗೆ ಬರಬೇಡ, ಬಂದರೆ ನಾನು ನಿನ್ನನ್ನು ಗುರುತಿಸದವಳ ಹಾಗೆ ಪಕ್ಕದಿಂದ ಹಾದುಹೋಗುತ್ತೇನೆ. ಬೇಡ ಎನ್ನಲು ಫೋನ್ ಮಾಡಬೇಡ, ಎತ್ತುವುದಿಲ್ಲ. ಟಿಕೆಟ್ ಕೊಟ್ಟಾದ ಮೇಲೆ ವಾಪಸ್ ಇಲ್ಲ ಎಂದು ನನ್ನ ಕೌಂಟರಿನ ಮೇಲೆ ಬೋರ್ಡೇ ಇದೆ. ಎರಡು ರೈಲು ಬದಲಾಯಿಸಿ, ಯಾರನ್ನಾದರೂ ಕೇಳಿಕೊಂಡು, ತಪ್ಪಿದರೆ ಇಳಿದು, ಇನ್ನೊಂದು ಹತ್ತಿ, ಕತ್ತಲಾಗುವ ಮೊದಲು ಬಂದು ಸೇರುತ್ತೇನೆ. ನಾನು ಕಳೆದುಹೋಗುವವಳಲ್ಲ.

ಬಿಸಿನೀರು ಕುಡಿ. ಔಷಧಿಯ ಹೆಸರು ಓದು. ಕೋಟು ನನ್ನ ಹತ್ತಿರ ಇದೆ, ನಿನಗೆ ಬೇರೆ ಇದೆಯೋ ಇಲ್ಲವೋ, ಇಲ್ಲದಿದ್ದರೆ ಎರಡು ಸ್ವೆಟರ್ ಹಾಕಿಕೊಂಡು ಹೊರಗೆ ಹೋಗು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಾನು ಬರುವ ತನಕ ಇಟ್ಟಿದ್ದರೆ ಸಾಕು, ಆಮೇಲೆ ನಾನು ನೋಡಿಕೊಳ್ಳುತ್ತೇನೆ.

ನಿನ್ನ ಮೇಲೆ ಸಿಟ್ಟಿರುವ, ನಿನ್ನ ಒಬ್ಬಳೇ
ಅಕ್ಕ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಡ್ಯೂಟಿಗೆ ಹೊರಡುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತೇನೆ. ಕೋಟು ಬಂದ ದಿನ ಒಳಜೇಬಿನಲ್ಲಿ ಕೈ ಹಾಕಿದೆ. ಟಿಕೆಟ್ ಇತ್ತು. ನೀನು ಟಿಕೆಟ್ ಬಿಸಾಡುವವನಲ್ಲ ಎನ್ನುವುದನ್ನು ನೀನೇ ಮರೆತಿದ್ದೆ, ನಾನು ಮರೆತಿರಲಿಲ್ಲ. ಭಾಷೆ ಬರದಿದ್ದರೂ ಟಿಕೆಟ್ ಓದುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಎಲ್ಲಿಂದ: ನಿನ್ನ ಮನೆಯ ನಿಲ್ದಾಣ. ಎಲ್ಲಿಗೆ: ನಾನು ಯಾವತ್ತೂ ಕೇಳದ ಊರು. ಒಬ್ಬರು. ಹೋದ ಆಗಸ್ಟ್ ತಿಂಗಳ ತಾರೀಖು. ಮೇಲೆ ಎರಡು ಪದ, ಎಂಕಲ ರೈಸ್. ಅದರ ಅರ್ಥ ಕೇಳುವುದಕ್ಕೇ ಟೀಚರಮ್ಮನ ಹತ್ತಿರ ಹೋದದ್ದು. ಅವರ ಗೋಡೆಯ ಮೇಲಿದ್ದ ರೈಲಿನ ನಕ್ಷೆಯಲ್ಲಿ ಬೆರಳಿಟ್ಟು ಎಣಿಸಿದೆ, ಆ ಊರು ನಿನ್ನ ಮನೆಗಿಂತ ಎರಡು ನಿಲ್ದಾಣ ಈಚೆಗೆ. ಆಮೇಲೆ ನಿನ್ನ ಹೆಂಡತಿಗೆ ಫೋನ್ ಮಾಡಿದೆ. ಆಗಸ್ಟಿನಲ್ಲೇ ಇಬ್ಬರೂ ಬೇರೆಯಾದೆವು ಎಂದಳು, ಅದೇ ಊರಿನ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿದ್ದೀಯ ಎಂದು ವಿಳಾಸ ಕೊಟ್ಟಳು. "ನಿಮಗೆ ಹೇಳೋಕೆ ಅವರಿಗೆ ಮುಖ ಇಲ್ಲ ಅಕ್ಕ" ಎಂದು ಅತ್ತಳು. ತಮ್ಮ ಸಂಸಾರ ಮಾಡಿಕೊಂಡು ಸುಖವಾಗಿದ್ದಾನೆ, ಅದೊಂದೇ ನನ್ನ ಸಂಪಾದನೆ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು. ನೀನು ಹೇಗೆ ಹೇಳುತ್ತೀಯ? ತಪ್ಪು ನನ್ನದೂ ಇದೆ.

ಯಾಕೆ ಎಂದು ಅವಳನ್ನು ಕೇಳಲಿಲ್ಲ, ನಿನ್ನನ್ನೂ ಕೇಳುವುದಿಲ್ಲ. ಯಾರನ್ನೂ ಕೇಳದವಳು ನಿನ್ನನ್ನು ಕೇಳುತ್ತೇನೆಯೇ? ಬರುವಾಗ ಒಂದು ಟಿಕೆಟ್, ಹೋಗಿಬರಲಿಕ್ಕೆ. ವಾಪಸ್ ಹೊರಡುವಾಗ ಒಬ್ಬರೋ ಇಬ್ಬರೋ ನೀನು ಹೇಳು, ಎರಡಕ್ಕೂ ಮಾತು ಕಲಿತಿದ್ದೇನೆ. ನಿನ್ನ ಹಳೇ ಮನೆಯ ನಿಲ್ದಾಣದ ತನಕ ನಾನು ಬರುವುದಿಲ್ಲ, ಎರಡು ನಿಲ್ದಾಣ ಮೊದಲೇ ಇಳಿಯುತ್ತೇನೆ. ಅಲ್ಲೊಂದು ಬೆಂಚು ಇದ್ದೇ ಇರುತ್ತದೆ. ಅದರ ಮೇಲೆ ಕೂತಿರು. ಅಕ್ಕ ಬರ್ತಾಳೆ.